ಬಲೆಯ ನಡುವಿನ ತುಂಡು

ನಮ್ಮನೆಯವರ ಹೆಸರು ಬಚ್ಚ. ತ್ರಾಸಿಯ ಕಡಲ ಬದಿಯವರು. ಕೂತಲ್ಲಿ ಕೂರುವ ಜನ ಅಲ್ಲ. ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಹತ್ತಿರ ಕೇಳಿದ್ದೆ, ಇವರಿಗೆ ಏನಾದರೂ ಕಾಯಿಲೆಯಾ ಎಂದು. ಹೊಟ್ಟೆಯಲ್ಲಿದ್ದಾಗಲೂ ಒದ್ದದ್ದೇ ಒದ್ದದ್ದು ಎಂದರು ಅತ್ತೆ.

ಸಣ್ಣ ಪ್ರಾಯದಲ್ಲೇ ಬೊಂಬಾಯಿಗೆ ಹೋಗಿ ಒಂದು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿದ್ದರು. ಗಿರಣಿಗೆ ಒಂದು ಫುಟ್‌ಬಾಲ್ ಟೀಮು. ಆಟಗಾರರಿಗೆ ಚಾ ಕೊಡಲು ಹೋದವರು ಗೋಲಿನ ಎದುರು ನಿಂತೇಬಿಟ್ಟರು. ಬಲೆ ಎಳೆದ ಕೈ, ಚೆಂಡು ಜಾರುತ್ತಿರಲಿಲ್ಲ. ಆಮೇಲೆ ಗಿರಣಿ ಮುಚ್ಚಿತು, ಅದರ ಜೊತೆ ಟೀಮೂ ಮುಚ್ಚಿತು. ಒಬ್ಬನ ಕಿಸೆಯಿಂದ ನಡೆಯುವ ಆಟ ಆ ಕಿಸೆ ಹರಿದ ದಿನ ಮುಗಿಯುತ್ತದೆ ಎಂದು ಇವರು ಯಾವಾಗಲೂ ಹೇಳುತ್ತಿದ್ದರು.

ತೊಂಬತ್ತೇಳರಲ್ಲಿ ಊರಿಗೆ ಬಂದರು. ಬಂದವರು ಹುಡುಗರನ್ನು ಸೇರಿಸಿ ಮರಳಿನಲ್ಲಿ ಆಟ ಶುರು ಮಾಡಿದರು. ಕ್ಲಬ್ಬು ಎಂದು ಹೆಸರಿಟ್ಟರು. ಚೆಂಡಿಗೆ, ಅಂಗಿಗೆ ದುಡ್ಡು ಬೇಕಲ್ಲ. ಅದಕ್ಕೆ ಇವರು ಒಂದು ದಾರಿ ಹುಡುಕಿದರು.

ನಮ್ಮಲ್ಲಿ ಕೈರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಅದು ಒಬ್ಬನದ್ದಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ತರುತ್ತಾರೆ, ಎಲ್ಲವನ್ನೂ ಸೇರಿಸಿ ಹೊಲಿದರೆ ಬಲೆ. ಮೀನು ಬಿದ್ದ ಮೇಲೆ ಮರಳಿನ ಮೇಲೆ ಹೆಸರು ಕರೆದು ಪಾಲು ಹಾಕುತ್ತಾರೆ. ಎಳೆದ ಕೈಗೆ ಒಂದು ಪಾಲು, ಬಲೆಯ ತುಂಡಿಗೆ ಇನ್ನೊಂದು. ದೋಣಿಗೂ ಉಂಟು, ದೈವಕ್ಕೂ ಉಂಟು. ಇವರು ಹೊಸದಾಗಿ ಒಂದು ತುಂಡು ಹೆಣೆದು ಹೊತ್ತುಕೊಂಡು ಹೋಗಿ, ಇದು ಕ್ಲಬ್ಬಿನದ್ದು, ಬಲೆಗೆ ಸೇರಿಸಿ ಎಂದರು. ಕೈರಂಪಣಿಯ ಯಜಮಾನರು ಗುಡ್ಡಣ್ಣ. ಅವರಿಗೆ ನಗು ತಡೆಯಲಿಲ್ಲ.

"ಚೆಂಡಿಗೂ ಮೀನ್ ತಿಂಬುಕೆ ಆಸೆ ಆಯ್ತಾ ಮಾರಾಯ?"

ನಕ್ಕರೂ ಸೇರಿಸಿದರು. ಹೊಸ ತುಂಡು ಗಟ್ಟಿ ಎಂದು ನಡುವಿನಲ್ಲಿ, ಮೀನು ಬಂದು ಸೇರುವ ಬಲೆಯ ಹೊಟ್ಟೆಯ ಹತ್ತಿರವೇ ಹಾಕಿದರು. ಅವತ್ತಿನಿಂದ ಪಾಲು ಹಾಕುವಾಗ ನಮ್ಮ ಹೆಸರುಗಳ ಜೊತೆ ಕ್ಲಬ್ಬು ಎಂದೂ ಕರೆಯುತ್ತಿದ್ದರು. ಆ ಮೀನನ್ನು ಇವರು ಅಲ್ಲೇ ಲಾರಿಯವರಿಗೆ ಕೊಡುತ್ತಿದ್ದರು. ಮೀನು ಬಿದ್ದ ವರ್ಷ ಹೊಸ ಅಂಗಿ, ಇಲ್ಲದ ವರ್ಷ ಹಳೇ ಅಂಗಿ. ಹರಿದ ಬಲೆಯಲ್ಲಿ ಗೋಲಿನ ಬಲೆ ಮಾಡಿದರು. ಹಂಚಿನ ಒಂದು ಶೆಡ್ಡೂ ಕಟ್ಟಿದರು. ಮಳೆಗಾಲದಲ್ಲಿ ಕೈರಂಪಣಿ ಬಲೆಯನ್ನು ಇಡುವುದಕ್ಕೆ ಅದಕ್ಕಿಂತ ಒಣಗಿದ ಜಾಗ ಬೇರೆ ಇರಲಿಲ್ಲ.

ಆಮೇಲೆ ಕಾಲೇಜು ಓದಿದ ರತನ್ ಕಾರ್ಯದರ್ಶಿಯಾದ. ಒಳ್ಳೆಯ ಹುಡುಗ. ಅವನಿಗೆ ಕ್ಲಬ್ಬು ದೊಡ್ಡದಾಗಬೇಕಿತ್ತು. ರಿಜಿಸ್ಟ್ರಿ ಮಾಡಿಸಿದ. ರಾತ್ರಿ ಟೂರ್ನಮೆಂಟು ಮಾಡುವ ಎಂದ. ಲೈಟಿನ ಕಂಬ, ಕೂರುವುದಕ್ಕೆ ಗ್ಯಾಲರಿ, ಕೇರಳದಲ್ಲಿ ಆಡುವ ಆಫ್ರಿಕಾದ ಆಟಗಾರರು. ಕಡಲು ವರ್ಷಕ್ಕೆ ಕೊಡುವುದನ್ನು ಒಂದು ರಾತ್ರಿಯಲ್ಲಿ ತಿನ್ನಬಾರದು ಎಂದು ಇವರು ಮೀಟಿಂಗಿನಲ್ಲಿ ಹೇಳಿದರು. ಯಾರೂ ಕೇಳಲಿಲ್ಲ. ಎರಡು ಸಾವಿರದ ಒಂಬತ್ತರ ನವೆಂಬರಿನಲ್ಲಿ ಟೂರ್ನಮೆಂಟು ಇಟ್ಟರು. ಸುರಿದ ಮಳೆಗೆ ಒಂದು ಟಿಕೆಟೂ ಹೋಗಲಿಲ್ಲ. ಲೈಟಿನವನು, ಗ್ಯಾಲರಿಯವನು ದುಡ್ಡಿಗೆ ಬಂದು ಕೂತರು. ಕಮಿಟಿಯವರು ಒಬ್ಬೊಬ್ಬರೇ ಬೊಂಬಾಯಿ ಬಸ್ಸು ಹತ್ತಿದರು. ಉಳಿದದ್ದು ಇವರು ಮತ್ತು ರತನ್. ದೂರು ಹೋಯಿತು. ಮಾರನೆ ವರ್ಷದ ಮಳೆಗಾಲದಲ್ಲಿ ಸರ್ಕಾರದವರು ಕ್ಲಬ್ಬಿನ ಮೇಲೆ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿದರು.

ಆ ಮನುಷ್ಯ ಕೆಟ್ಟವನಲ್ಲ. ಶೆಡ್ಡಿಗೆ ಬಂದು ಚೆಂಡು, ಗೆದ್ದ ಕಪ್ಪು, ಗೋಲಿನ ಕಂಬ ಎಲ್ಲ ಬರೆದುಕೊಂಡ. ಮೂಲೆಯಲ್ಲಿ ರಾಶಿ ಹಾಕಿದ ಬಲೆ ನೋಡಿ ಇದು ಯಾರದ್ದು ಎಂದು ಕೇಳಿದ. ರತನ್ ಇವರ ಅಂಗಿ ಜಗ್ಗಿದನಂತೆ. ಇವರು ಊರಿನವರದ್ದು ಎಂದು ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಊರಿನವ್ರದ್ದ್. ನಡು ತುಂಡ್ ಮಾತ್ರ ಕ್ಲಬ್ಬಿನದ್ದ್" ಎಂದರು.

ಕ್ಲಬ್ಬಿನದ್ದು ಸೇರಿದೆ ಎಂದ ಮೇಲೆ ತೀರ್ಮಾನ ಆಗುವವರೆಗೆ ಬಲೆ ಹೊರಗೆ ಹೋಗುವ ಹಾಗಿಲ್ಲ ಎಂದ ಆಡಳಿತಾಧಿಕಾರಿ. ಶೆಡ್ಡಿಗೆ ಬೀಗ ಹಾಕಿ ಸೀಲು ಮಾಡಿ ಹೋದ.

ಮೀನುಗಾರಿಕೆ ಶುರುವಾಗುವ ನೂಲ ಹುಣ್ಣಿಮೆ ಬಂತು. ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟರು. ಪಕ್ಕದ ಮರವಂತೆಯವರು ಬಲೆ ಎಳೆದರು, ಬಂಗುಡೆ ಬಿತ್ತು. ನಮ್ಮೂರಿನವರು ದಡದಲ್ಲಿ ಕೂತು ನೋಡಿದರು. ನಾನು ಗುಲ್ವಾಡಿ ಕಡೆ ಮನೆಮನೆಗೆ ಮೀನು ಮಾರುವವಳು. ಮಾರುವುದಕ್ಕೆ ಮರವಂತೆಯವರ ಹತ್ತಿರ ಕೊಂಡುಕೊಳ್ಳಬೇಕಾಯಿತು. ಬಸ್ಸಿನಲ್ಲಿ ಪಕ್ಕದ ಮನೆಯ ಸರಸ ನನ್ನ ಮುಖ ನೋಡದೆ ಹೇಳಿದಳು.

"ಬಚ್ಚಣ್ಣ ಒಂದ್ ಗೋಲ್ ಬಿಟ್ರ್. ನಮ್ಮ್ ಒಲಿ ನಂದ್ ಹೋಯ್ತ್."

ಮನೆಗೆ ಬಂದು ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮನ್ನು ಯಾರು ಕೇಳಿದ್ದರು ಸತ್ಯ ಹೇಳಲು ಎಂದೆ. ಇಲ್ಲ ಎಂದಿದ್ದರೆ ಕ್ಲಬ್ಬೇ ಇಲ್ಲ ಎಂದ ಹಾಗೆ ಆಗುತ್ತಿತ್ತು ಎಂದರು. ಅಷ್ಟೇ. ಇವರಿಗೂ ಸಮಾಧಾನ ಇರಲಿಲ್ಲ. ಶೆಡ್ಡಿನ ಸುತ್ತ ತಿರುಗುತ್ತಿದ್ದರು. ಕಿಟಕಿಯ ಸಂದಿಗೆ ಮೂಗು ಇಟ್ಟು ಬಲೆ ಕೊಳೆತ ವಾಸನೆ ಬರುತ್ತದಾ ಎಂದು ನೋಡುತ್ತಿದ್ದರು. ಬಸ್ಸು ಹತ್ತಿ ಉಡುಪಿಗೆ ಹೋದರು, ಬಂದರು, ಮತ್ತೆ ಹೋದರು. ಕಡೆಗೆ ಆ ಅಧಿಕಾರಿ, ಕ್ಲಬ್ಬಿನ ತುಂಡು ಬಿಚ್ಚಿ ಕೊಡಿ, ಉಳಿದದ್ದು ತೆಗೆದುಕೊಂಡು ಹೋಗಿ ಎಂದು ಬೀಗ ತೆಗೆಯಲು ಬಂದ.

ಊರೇ ಸೇರಿತ್ತು. ಬಲೆಯನ್ನು ಹೊರಗೆ ಎಳೆದು ಹಾಸಿದರು. ಗುಡ್ಡಣ್ಣ ತಲೆ ಆಡಿಸಿದರು. ನಡು ತುಂಡು ತೆಗೆದರೆ ಹೊಟ್ಟೆ ಕಿತ್ತ ಹಾಗೆ. ಮತ್ತೆ ಹೆಣೆದು ಕೂರಿಸುವ ಹೊತ್ತಿಗೆ ಬಂಗುಡೆ ಕಾಲ ಮುಗಿದಿರುತ್ತದೆ. ತೆಗೆಯುವುದಾದರೆ ಅಂಚಿನ ತುಂಡು ತೆಗೆಯಬೇಕು, ಅದರಿಂದ ಬಲೆಗೆ ಏನೂ ಆಗುವುದಿಲ್ಲ ಎಂದರು. ಅಂಚಿನ ತುಂಡು ನಮ್ಮದು. ಮಾವನ ಕಾಲದ್ದು.

ಇವರು ಅಧಿಕಾರಿಯನ್ನು ಕೇಳಿದರು, ಅದರ ಬದಲು ಇದು ಆಗುತ್ತದಾ ಎಂದು. ಅಳತೆ ಸರಿ ಇದ್ದರೆ ನನಗೆ ಯಾವುದಾದರೂ ಆದೀತು ಎಂದ ಅವನು. ಇವರು ತಿರುಗಿ ನನ್ನನ್ನು ನೋಡಿದರು. ನಾನು ಮೀನಿನ ಹೆಡಿಗೆ ಹಿಡಿದು ನಿಂತಿದ್ದೆ.

"ಅದ್ ನಮ್ಮ್ ತುಂಡ್, ಹ್ವಾಯ್" ಎಂದೆ.

"ಗೊತ್ತಿತ್ತ್" ಎಂದರು.

ಕೂತು ಬಿಚ್ಚಿದರು. ಇವರ ಅಪ್ಪ ಹಾಕಿದ ಗಂಟು ಬಿಗಿಯಾಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದರು. ಅವತ್ತು ಮಾತ್ರ ಇವರ ಕಾಲು ಅಲ್ಲಾಡಲಿಲ್ಲ.

ಅಧಿಕಾರಿ ಆ ತುಂಡು, ಕಂಬ, ಕಪ್ಪು, ಶೆಡ್ಡಿನ ಹಂಚು ಎಲ್ಲ ಏಲಂ ಮಾಡಿದ. ಲೈಟಿನವನಿಗೆ ಅಷ್ಟಿಷ್ಟು ಸಿಕ್ಕಿತು. ರಿಜಿಸ್ಟ್ರಿಯಲ್ಲಿ ಕ್ಲಬ್ಬಿನ ಹೆಸರು ಹೊಡೆದು ಹಾಕಿದರು. ನಡು ತುಂಡು ಇನ್ನು ನಮ್ಮದು ಎಂದು ನಾನು ತಿಳಿದಿದ್ದೆ. ಊರಿನವರೂ ಹಾಗೇ ತಿಳಿದಿದ್ದರು. ಮುಂದಿನ ಎಳೆತದಲ್ಲಿ ಗುಡ್ಡಣ್ಣ ಇವರ ಎದುರು ಎರಡು ಪಾಲು ಹಾಕಿದರು, ಕೈಗೊಂದು, ನಡು ತುಂಡಿಗೊಂದು. ಇವರು ಒಂದನ್ನು ಆಚೆ ಸರಿಸಿ ಅದು ಕ್ಲಬ್ಬಿನದ್ದು ಎಂದರು.

"ಕ್ಲಬ್ ಸತ್ತ್ ಹೋಯ್ತಲೆ ಮಾರಾಯ" ಎಂದರು ಗುಡ್ಡಣ್ಣ.

"ಸತ್ತಿದ್ರೆ ಬೊಜ್ಜ ಆಯ್ಕಿತ್ತಲೆ. ನೀವ್ ಉಂಡ್ರ್ಯಾ?"

ಬೊಜ್ಜ ಎಂದರೆ ಸತ್ತವರ ಹೆಸರಿನ ಊಟ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮನೆಗೆ ಬಂದ ಮೇಲೆ ಕೇಳಿದೆ.

"ಮಕ್ಳಿಗೆ ಗಂಜಿ ಕ್ಲಬ್ ಬೇಯ್ಸತ್ತಾ?"

ಎದ್ದು ಆಟಕ್ಕೆ ಹೋದರು. ಗೋಲಿಗೆ ಬಿದಿರಿನ ಕಂಬ ನೆಟ್ಟಿದ್ದರು. ನಾನು ಸುಮಾರು ದಿನ ಮಾತು ಬಿಟ್ಟೆ. ಗುಲ್ವಾಡಿಗೆ ಒಂದು ಬಸ್ಸು ಹೆಚ್ಚು ಹತ್ತಿದೆ. ಮಾತು ಮತ್ತೆ ಶುರುವಾಯಿತು, ಸಿಟ್ಟು ಹೋಗಲಿಲ್ಲ. ಪಾಲು ಹಾಕಿದ ದಿನವೆಲ್ಲ ಹೊಸದಾಗಿ ಬರುತ್ತಿತ್ತು.

ಎರಡು ಸಾವಿರದ ಹದಿನಾಲ್ಕರಲ್ಲಿ, ಮಳೆ ಬಿಟ್ಟ ಮೇಲೆ ಇವರು ತೀರಿಹೋದರು. ಬಲೆಯ ಹಗ್ಗ ಎಳೆಯುವಾಗ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಇವರೂ ವಾಲಿದರು. ಏಳಲಿಲ್ಲ. ಜೋರಾಗಿ ಎಳೆಯುತ್ತಿದ್ದಾರೆ ಎಂದೇ ಪಕ್ಕದವರು ತಿಳಿದಿದ್ದರು.

ಬೊಜ್ಜ ಮುಗಿದ ಮೇಲೆ ಗುಡ್ಡಣ್ಣ ಮನೆಗೆ ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು.

"ಬೆಳ್ಳಿ, ನಡು ತುಂಡ್ ಇನ್ನ್ ನಿನ್ನ್ ಹೆಸ್ರಿಗೆ ಹಾಕುದಾ? ಯಾರೂ ಎಂತದೂ ಹೇಳುದಿಲ್ಲ."

ಹೌದು ಎನ್ನಬೇಕಿತ್ತು. ಅಷ್ಟು ವರ್ಷ ನಾನೇ ಹೇಳಿದ ಮಾತು. ಎಳೆಯುವ ಕೈಯೂ ಈಗ ಮನೆಯಲ್ಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಅವರು ಹೋದ ಮೇಲೆ ಕೂರಲು ಆಗಲಿಲ್ಲ. ಅಕ್ಕಿ ಒಲೆಯ ಮೇಲಿಟ್ಟವಳು ಇಳಿಸಿದೆ. ಬಾವಿಗೆ ಹೋದೆ, ಕೊಡ ಅಲ್ಲೇ ಬಿಟ್ಟು ಬಂದೆ. ಕಡೆಗೆ ಕಡಲಿನ ಹತ್ತಿರ ಹೋದೆ. ಹುಡುಗರು ಆಡುತ್ತಿದ್ದರು. ಗೋಲಿನ ಬಲೆ ಹರಿದು ಚೆಂಡು ಅದರೊಳಗಿಂದ ನೀರಿಗೆ ಹೋಗುತ್ತಿತ್ತು. ತಂದು ಆಡುತ್ತಿದ್ದರು, ಮತ್ತೆ ಹೋಗುತ್ತಿತ್ತು. ಹೊಲಿಯುವವರು ಯಾರು? ಇವರು ಹಿಂದಿನ ದಿನವಷ್ಟೇ ಹೊಲಿಯುವುದನ್ನು ಬಿಟ್ಟು ಎದ್ದು ಹೋದ ಹಾಗೆ ಇತ್ತು ಆ ತೂತು.

ಮಾರನೆ ದಿನ ಹೆಡಿಗೆ ಹಿಡಿದು ಗಂಡಸರ ಸಾಲಿನಲ್ಲೇ ನಿಂತೆ. ಗುಡ್ಡಣ್ಣ ಹೆಸರು ಕರೆಯುತ್ತಾ ಬಂದು ನಡು ತುಂಡಿನ ಪಾಲಿನ ಹತ್ತಿರ ನಿಲ್ಲಿಸಿ ನನ್ನನ್ನು ನೋಡಿದರು.

"ಕ್ಲಬ್ ಅಂತ್ಲೇ ಹೇಳಿ" ಎಂದೆ. "ಹೊರುದ್ ನಾನ್. ಮಾರಿದ್ ಕೂಲಿ ನಂದ್. ಉಳ್ದದ್ದ್ ಅದ್ರದ್ದ್."

"ಹಾಂಗಾರೆ ಈಗ ನೀನೇ ಆಡಳಿತಾಧಿಕಾರಿ" ಎಂದರು ಗುಡ್ಡಣ್ಣ. "ಬೀಗ ಮಾತ್ರ ಹಾಕ್ಬೇಡ ಮಾರಾಯ್ತಿ."

ಗುಲ್ವಾಡಿಯಲ್ಲಿ ಲಾರಿಯವರಿಗಿಂತ ಹೆಚ್ಚೇ ಕ್ರಯ ಸಿಗುತ್ತದೆ. ನನ್ನ ಕೂಲಿ ತೆಗೆದು ಉಳಿದದ್ದು ಬೇರೆ ಡಬ್ಬಿಯಲ್ಲಿ ಹಾಕುತ್ತೇನೆ. ಮೀನು ಕಡಿಮೆ ಬಿದ್ದ ದಿನ ಆ ಡಬ್ಬಿ ಮುಟ್ಟುವ ಹಾಗಾಗುತ್ತದೆ, ಆಗ ಇವರ ಮೇಲೆ ಸಿಟ್ಟು ಬರುತ್ತದೆ. ಹೊಸ ಚೆಂಡು ತಂದಾಯಿತು. ಗೋಲಿನ ಬಲೆಯ ತೂತನ್ನು ಇವರ ಸೂಜಿಯಲ್ಲಿ ನಾನೇ ಹೊಲಿದೆ. ಗಂಟು ಸರಿ ಬರಲಿಲ್ಲ, ಬಲೆಯ ಕಣ್ಣು ದೊಡ್ಡದಾಯಿತು. ಆದರೂ ಚೆಂಡು ನಿಲ್ಲುತ್ತದೆ. ಇವರು ನೋಡಿದ್ದರೆ ಪೂರ್ತಿ ಬಿಚ್ಚಿ ಹಾಕುತ್ತಿದ್ದರು. ನಾನೂ ಬಿಚ್ಚಿ ಮತ್ತೆ ಹೆಣೆಯಬೇಕು. ಬಂಗುಡೆ ಕಾಲ ಮುಗಿಯಲಿ.