ಬರ್ತ್ ಮೇಲಿನ ಸಂಜೆ ದೀಪ

ರೈಲು ಕಾಚಿಗೂಡ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಎದುರು ಬರ್ತಿನ ಅಜ್ಜಿ ಚೀಲದಿಂದ ಪುಟ್ಟ ಹಿತ್ತಾಳೆ ದೀಪ ತೆಗೆದು, ಬತ್ತಿ ಹಾಕಿ, ಕಡ್ಡಿ ಗೀರಲು ಹೊರಟರು. ನಾನು ಗಾಬರಿಯಿಂದ ಅವರ ಕೈ ಹಿಡಿದುಬಿಟ್ಟೆ.

“ದೀಪ ಹಚ್ಚೋ ಹೊತ್ತಾಗ್ಯದವ್ವಾ” ಎಂದರು.

ರೈಲಿನ ಬರ್ತು, ಪರದೆಗಳ ತುಂಡುಗಳಿಗೆ ಬೆಂಕಿ ತಾಗಿಸಿ, ಅವು ಎಷ್ಟು ಬೇಗ ಹೊತ್ತಿಕೊಳ್ಳುತ್ತವೆ ಎಂದು ಪರೀಕ್ಷಿಸುವುದು ಪಟಾನ್‌ಚೆರುವಿನ ಲ್ಯಾಬಿನಲ್ಲಿ ನನ್ನ ಕೆಲಸ. ಅದನ್ನೇ ಅವರಿಗೆ ಹೇಳಿದೆ.

ಅಜ್ಜಿ ನಕ್ಕರು. “ದಿನಾ ಬರ್ತ್ ಸುಡಾಕಿ ನೀ. ನನ್ನ ಒಂದ್ ದೀಪಕ್ಕ ಅಂಜ್ತೀಯಲ್ಲ.”

“ಬರ್ತ್ ತಡಕೋತದ ಅಜ್ಜಿ. ನಿಮ್ಮ ಸೀರಿ ತಡಕೊಳ್ಳಂಗಿಲ್ರಿ.”

ಅವರು ಒಮ್ಮೆ ಸೆರಗು ನೋಡಿಕೊಂಡರು. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟು, ತಲೆಯ ಮೇಲಿದ್ದ ರೈಲಿನ ದೀಪದ ಸ್ವಿಚ್ ಒತ್ತಿ, ಅದಕ್ಕೇ ಕೈಮುಗಿದರು. ಆಮೇಲೆ ಅದೇ ಬರ್ತಿನ ಮೇಲೆ ಕಾಲು ಚಾಚಿ ನಿಶ್ಚಿಂತೆಯಿಂದ ಮಲಗಿದರು.

ರಜೆ ಮುಗಿಸಿ ಬಂದ ದಿನ ಲ್ಯಾಬಿನಲ್ಲಿ ಬರ್ತಿನ ತುಂಡೊಂದಕ್ಕೆ ಹಿಡಿದ ಬೆಂಕಿ ಹರಡದೆ ತಾನಾಗಿಯೇ ಆರಿತು. ದೀಪ ಆರಿದರೆ ಕೆಡುಕು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಅಂದು ಆರಿದ ಬೆಂಕಿಯ ಮುಂದೆ ನನ್ನ ಕೈಗಳು ತಾವಾಗಿಯೇ ಮುಗಿದವು.