ಲೈಮಿ ಆಂಟಿ

ನಾವು ಅಮೆರಿಕದ ರೌಂಡ್ ರಾಕ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದರು. ಗಂಡ ಟೆಕ್ಸಸ್‌ನವರೇ. ಹೆಂಡತಿ ಮದುವೆಯಾಗಿ ಇಂಗ್ಲೆಂಡಿನಿಂದ ಬಂದವರು. ಹಿತ್ತಲಿನಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಅವರನ್ನು ಗಂಡ "ಲೈಮಿ" ಎಂದು ಕೂಗುತ್ತಿದ್ದರು. ಅದೇ ಹೆಸರಿರಬೇಕೆಂದು ನಾನೂ "ಲೈಮಿ ಆಂಟಿ" ಎನ್ನತೊಡಗಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, ಮಾತು ಮುಂದುವರಿಸುತ್ತಿದ್ದರು.

ಒಂದು ಶನಿವಾರ ಪಕ್ಕದ ಊರು ಸೀಡರ್ ಪಾರ್ಕ್‌ನಿಂದ ಬಂದಿದ್ದ ಗೆಳತಿ ಇದನ್ನು ಕೇಳಿಸಿಕೊಂಡಳು.

"ಅದು ಹೆಸರಲ್ಲ ಕಣೆ. ಬ್ರಿಟಿಷ್ ಜನರನ್ನ ರೇಗಿಸೋಕೆ ಹಾಗಂತಾರೆ."

"ಯಾಕೆ?"

"ಅದೆಲ್ಲ ನಂಗೊತ್ತಿಲ್ಲಪ್ಪ."

ಲೈಮ್ ಎಂದರೆ ನನಗೆ ಮೊದಲು ಹೊಳೆದದ್ದು ಸುಣ್ಣ. ಬೆಳ್ಳಗಿರುವುದಕ್ಕೆ ಹಾಗೆನ್ನುತ್ತಾರೇನೋ ಎಂದುಕೊಂಡೆ. ಆದರೆ ಕರೆಯುವ ಗಂಡನೂ ಅಷ್ಟೇ ಬೆಳ್ಳಗಿದ್ದರಲ್ಲ? ಏನೂ ಅರ್ಥವಾಗದೆ, ಅವರಿಗೆ ಮುಖ ತೋರಿಸಲು ನಾಚಿಕೆಯಾಗಿ ಕೆಲವು ದಿನ ಹಿತ್ತಲಿಗೇ ಹೋಗಲಿಲ್ಲ. ಕೊನೆಗೆ ಅವರೇ ಬಾಗಿಲು ತಟ್ಟಿದಾಗ, ಆ ಲೈಮ್ ಸುಣ್ಣವೇ ಎಂದು ತಡವರಿಸುತ್ತ ಕೇಳಿಬಿಟ್ಟೆ.

"ಸುಣ್ಣ ಅಲ್ಲ, ಹಣ್ಣು," ಎಂದು ಅವರು ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಹಿಂದೆ ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರಿಗೆ ವಸಡಿನಿಂದ ರಕ್ತ ಸೋರುವ ಕಾಯಿಲೆ ಬರುತ್ತಿತ್ತಂತೆ. ಬ್ರಿಟಿಷ್ ಹಡಗುಗಳಲ್ಲಿ ಅದಕ್ಕೆ ನಿಂಬೆರಸ ಕುಡಿಸುತ್ತಿದ್ದರಂತೆ. ಅದನ್ನು ಕಂಡು ಬೇರೆಯವರು ಆ ನಾವಿಕರಿಗೆ ಇಟ್ಟ ಅಡ್ಡಹೆಸರು ಕಾಲಕ್ರಮೇಣ ಆ ದೇಶದವರಿಗೆಲ್ಲ ಅಂಟಿಕೊಂಡಿತು.

"ನಿಮ್ಮ ಕಡೆ ನಮ್ಮನ್ನ ಏನಂತ ಕರೀತಿದ್ರು?" ಎಂದು ಕೇಳಿದರು.

"ಪರಂಗಿಯವರು."

"ಹಾಗಂದ್ರೆ?"

ನನಗೆ ಗೊತ್ತಿದ್ದ ಇನ್ನೊಂದು ಪರಂಗಿ ಎಂದರೆ ಪರಂಗಿ ಹಣ್ಣು ಮಾತ್ರ. "ಪಪಾಯ," ಎಂದೆ.

"ಅಲ್ಲೂ ಹಣ್ಣೇನಾ? ನಾವು ಪಪಾಯ ತಿಂತಿದ್ವಾ?"

ಆ ಭಾನುವಾರ ಮೈಸೂರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದೆ.

"ಹಣ್ಣಿಂದ ಅವರಿಗೆ ಹೆಸರು ಬಂದಿದ್ದಲ್ಲಮ್ಮ, ಅವರಿಂದ ಹಣ್ಣಿಗೆ ಬಂತು," ಎಂದರು ಅಪ್ಪ. "ಯೂರೋಪಿನಲ್ಲಿ ಫ್ರಾಂಕರು ಅಂತ ಜನ ಇದ್ರು. ಪರ್ಷಿಯಾ ಕಡೆಯವರ ಬಾಯಲ್ಲಿ ಅದು ಫರಂಗಿ ಆಯ್ತು, ನಮ್ಮಲ್ಲಿ ಪರಂಗಿ. ಹಡಗಲ್ಲಿ ಹೊರಗಿಂದ ಬಂದ ಹಣ್ಣಿಗೂ ಅದನ್ನೇ ಅಂಟಿಸಿದ್ರು."

"ಫ್ರಾಂಕರು ಅಂದ್ರೆ ಫ್ರಾನ್ಸ್ ಕಡೆಯವರಲ್ವಾ?"

"ಹೌದು. ನಮ್ಮೋರು ಅಷ್ಟೆಲ್ಲ ಎಲ್ಲಿ ನೋಡ್ತಾರೆ, ಎಲ್ಲ ಬಿಳಿಯರೂ ಒಂದೇ."

ಮರುದಿನ ಬೇಲಿಯ ಬಳಿ ಆಂಟಿಗೆ ಇದನ್ನೆಲ್ಲ ಒಪ್ಪಿಸಿದೆ. ಅವರು ನೀರಿನ ಪೈಪು ಕೆಳಗಿಟ್ಟು ಬೇಲಿಯ ಹತ್ತಿರ ಬಂದರು.

"ಲೈಮಿ ಅನ್ನು, ಪಪಾಯ ಅನ್ನು," ಎಂದರು. "ನಮ್ಮ ಹಳೇ ವೈರಿಗಳಾದ ಫ್ರೆಂಚರ ಹೆಸರಲ್ಲಿ ಮಾತ್ರ ಕರೀಬೇಡ."

ತಮಾಷೆಯೋ, ನಿಜವಾದ ಬೇಸರವೋ ಅವರ ಮುಖದಿಂದ ತಿಳಿಯಲಿಲ್ಲ. ಅಂದಿನಿಂದ ಬರೀ "ಆಂಟಿ" ಎನ್ನತೊಡಗಿದೆ. ಅವರಲ್ಲಿ ಆಂಟಿ ಎಂದರೆ ಸಂಬಂಧಿಕರೇ; ತಾವು ನನಗೆ ಯಾವ ಕಡೆಯಿಂದ ಅತ್ತೆಯಾಗಬೇಕೆಂದು ಅವರು ಗಂಡನನ್ನು ಕೇಳಿದರಂತೆ.