ಎರಡು ಮಣೆಯ ರೊಟ್ಟಿಯಕ್ಕ

ಬೆಳಗಿನ ಐದು ಗಂಟೆ, ಭಾನುವಾರ. ಬೀದಿದೀಪಗಳಿಗೆ ಇನ್ನೂ ಡ್ಯೂಟಿ ಮುಗಿದಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ರೊಟ್ಟಿಯಕ್ಕ ಮಂಡಿಯೂರಿ ನೆಲ ಒರೆಸುತ್ತಿದ್ದಾರೆ. ನಿನ್ನೆ ಸಂಜೆ ಒರೆಸಿದ್ದೇ ನೆಲ. ಆದರೂ ಮೂಲೆ ಮೂಲೆಗೆ ಬಟ್ಟೆ ತೂರಿಸಿ, ಬೆರಳಿಂದ ಗೀರಿ, ಬೆರಳನ್ನು ಬಲ್ಬಿನ ಕೆಳಗೆ ಹಿಡಿದು ನೋಡುತ್ತಾರೆ. ಈ ನೆಲದ ಮೇಲೆ ಇರುವೆಯೊಂದು ಜಾರಿ ಬಿದ್ದು ಕಾಲು ಮುರಿದುಕೊಂಡಿತು ಅಂತ ಬೀದಿಯಲ್ಲಿ ಸುದ್ದಿ ಇದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನೆಲ ನೋಡಿದವರು ಮಾತ್ರ ನಂಬುತ್ತಾರೆ.

ಎಡಗೋಡೆಗೆ ಒರಗಿಸಿರುವುದು ಬಿಳಿ ಮಣೆ, ಬಲಗೋಡೆಗೆ ಕೆಂಪು ಮಣೆ. ಜರಡಿ ಎರಡು, ಬೋಗುಣಿ ಎರಡು, ಲಟ್ಟಣಿಗೆ ಎರಡು, ಕೈ ಒರೆಸುವ ಬಟ್ಟೆಯೂ ಎರಡು. ಎಡಗಡೆಯದು ಬಲಗಡೆಗೆ ಹೋಗುವ ಹಾಗಿಲ್ಲ, ಬಲಗಡೆಯದು ಎಡಗಡೆಗೆ ಬರುವ ಹಾಗಿಲ್ಲ. "ಇವೆರಡಕ್ಕೂ ಮಾತುಕತೆ ಇಲ್ಲ" ಅಂತ ಮಣೆಗಳ ಕಡೆ ಕೈ ತೋರಿಸಿ ನಗುತ್ತಾರೆ. "ನಾನು ಇಬ್ರ ಹತ್ರಾನೂ ಮಾತಾಡ್ತೀನಿ."

ಬೀದಿ ಇಳಿಜಾರಿನದು. ಮೇಲಿನ ತುದಿಯಲ್ಲಿ ಒಂದು ಚರ್ಚು, ಕೆಳಗಿನ ತುದಿಯಲ್ಲಿ ಇನ್ನೊಂದು, ನಡುವೆ ಈ ಬೇಕರಿ. ತಾತಂದಿರ ಕಾಲದಲ್ಲಿ ಎರಡೂ ಒಂದೇ ಚರ್ಚಾಗಿತ್ತು. ಆಮೇಲೆ ಆರಾಧನೆಯಲ್ಲಿ ಮುರಿದು ಹಂಚಿಕೊಳ್ಳುವ ಪ್ರಭು ಭೋಜನದ ರೊಟ್ಟಿಯ ವಿಷಯಕ್ಕೆ ಮಾತು ಬೆಳೆಯಿತು. ಸ್ವಾಮಿ ಸಮಾಧಿಯಿಂದ ಎದ್ದು ಬಂದ ಹಾಗೆ ರೊಟ್ಟಿಯೂ ಉಬ್ಬಿ ಏಳಬೇಕು ಅನ್ನುವುದು ಮೇಲಿನವರ ನಂಬಿಕೆ. ಅವರದ್ದು ಹುಳಿಹಿಟ್ಟು ಹಾಕಿದ ರೊಟ್ಟಿ. ಸ್ವಾಮಿ ಕಡೆಯ ಊಟದಲ್ಲಿ ಮುರಿದದ್ದು ಹುಳಿಯಿಲ್ಲದ ರೊಟ್ಟಿ, ಹುಳಿ ಅಂದರೆ ಪಾಪದ ಗುರುತು, ಒಂದು ಚಿಟಿಕೆ ಬಿದ್ದರೂ ಕಣಕವೆಲ್ಲ ಕೆಟ್ಟಿತು ಅನ್ನುವುದು ಕೆಳಗಿನವರ ನಂಬಿಕೆ. ಒಬ್ಬರ ಮೇಜಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಬೀದಿಯ ಕ್ಷೌರಿಕ ಎರಡೂ ಕಡೆಯವರ ತಲೆ ಬೋಳಿಸುವವನಾದ್ದರಿಂದ ಧೈರ್ಯವಾಗಿ ಹೆಸರಿಟ್ಟಿದ್ದಾನೆ: ಮೇಲಿನವರು ಉಬ್ಬಿದವರು, ಕೆಳಗಿನವರು ಚಪ್ಪಟೆಯವರು.

ಯಾರು ಸರಿ ಅಂತ ಕೇಳಿದರೆ ರೊಟ್ಟಿಯಕ್ಕ ಸೆರಗಿಂದ ಹಣೆ ಒರೆಸಿಕೊಳ್ಳುತ್ತಾರೆ. "ನಾನು ಮೇಲಿನ ಚರ್ಚಿನೋಳು. ನನ್ನ ನಂಬಿಕೆ ನಂಗಿದೆ. ಆದ್ರೆ ಕೆಳಗಿನೋರು ಹೇಳೋದು ಕೇಳಿದಾಗ ಅದೂ ಸರಿ ಅನ್ಸುತ್ತೆ. ಅದಕ್ಕೇ ದೇವರು ನನ್ನನ್ನ ಪಾದ್ರಿ ಮಾಡ್ಲಿಲ್ಲ, ಹಿಟ್ಟು ನಾದೋಕೆ ಹಚ್ಚಿದ."

ಅರವತ್ತೊಂದು ವಯಸ್ಸು. ವಾರದ ದಿನಗಳಲ್ಲಿ ಅಂಗಡಿಗೆ, ಶಾಲೆಗೆ, ಆಸ್ಪತ್ರೆಗೆ ಅಂತ ದಿನಕ್ಕೆ ನೂರ ಎಂಬತ್ತು ಬ್ರೆಡ್ಡು ಸುಡುತ್ತಾರೆ. ಭಾನುವಾರ ಅಂಗಡಿ ಬಾಗಿಲು ಹಾಕಿ ಎಂಟು ಚಪ್ಪಟೆ ರೊಟ್ಟಿ, ಆರು ಉಬ್ಬು ರೊಟ್ಟಿ, ಅಷ್ಟೇ. ಆ ಎಂಟು ಕೆಳಗಿನ ಚರ್ಚಿನ ಇನ್ನೂರ ಹನ್ನೆರಡು ಜನಕ್ಕೆ, ಈ ಆರು ಮೇಲಿನ ಚರ್ಚಿನ ಇನ್ನೂರ ನಲವತ್ತು ಜನಕ್ಕೆ. "ನೂರ ಎಂಬತ್ತಕ್ಕೆ ಸೊಂಟ ನೋಯುತ್ತೆ. ಈ ಹದಿನಾಲ್ಕಕ್ಕೆ ಎದೆ ಹೊಡ್ಕೊಳ್ಳುತ್ತೆ" ಅನ್ನುತ್ತಾರೆ.

ಗಂಡ ನಲ್ಲಿ ರಿಪೇರಿಯವರು, ಕೆಳಗಿನ ಚರ್ಚಿನವರು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಮೂವತ್ತನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ಬೇಕರಿ ಬಾಗಿಲಿಂದ ಒಟ್ಟಿಗೆ ಹೊರಟು ಅವರು ಕೆಳಗೆ ಇಳಿಯುತ್ತಾರೆ, ಇವರು ಮೇಲೆ ಹತ್ತುತ್ತಾರೆ. ಮದುವೆ ಯಾವ ಚರ್ಚಿನಲ್ಲಿ ಅಂತ ಅವತ್ತು ತೀರ್ಮಾನವೇ ಆಗಲಿಲ್ಲವಂತೆ. ಕಡೆಗೆ ಹುಡುಗ ಹುಡುಗಿ ಬೇಕರಿ ಮುಂದಿನ ರಸ್ತೆಯ ನಟ್ಟನಡುವೆ ನಿಂತರು, ಇಬ್ಬರು ಪಾದ್ರಿಗಳೂ ಆಚೆ ಈಚೆ ಫುಟ್‌ಪಾತಿನಿಂದ ಒಬ್ಬರನ್ನೊಬ್ಬರು ನೋಡದೆ ಪ್ರಾರ್ಥನೆ ಓದಿದರು, ಅಷ್ಟರಲ್ಲಿ ಬಂದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು, ಅದನ್ನೇ ಆಮೆನ್ ಅಂತ ತಿಳಿದು ಉಂಗುರ ಹಾಕಿದರು ಅಂತ ಕ್ಷೌರಿಕ ಆಣೆ ಮಾಡಿ ಹೇಳುತ್ತಾನೆ. ರೊಟ್ಟಿಯಕ್ಕನನ್ನು ಕೇಳಿದರೆ, "ಬಸ್ಸಲ್ಲ, ಲಾರಿ" ಅಂತ ತಿದ್ದುತ್ತಾರೆ.

ಬೇಕರಿ ಅಪ್ಪನದು. ಅಪ್ಪನ ಕಾಲದಲ್ಲಿ ಸುಡುತ್ತಿದ್ದುದು ಮೇಲಿನ ಚರ್ಚಿನ ರೊಟ್ಟಿ ಮಾತ್ರ. ಕೆಳಗಿನವರಿಗೆ ರೊಟ್ಟಿ ಮಾಡುತ್ತಿದ್ದವರು ರೊಟ್ಟಿಯಕ್ಕನ ಅತ್ತೆ. ಮದುವೆಯಾದ ವರ್ಷವೇ ಅತ್ತೆಗೆ ಕೈ ನಡುಗುವ ಕಾಯಿಲೆ ಬಂತು. ಲಟ್ಟಣಿಗೆ ಹಿಡಿಯಲಾಗಲಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ. ಸೊಸೆಯನ್ನು ಕರೆದು ಕೂರಿಸಿಕೊಂಡರು. "ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದ್ರು: ನಂಬು ಅಂತ ಹೇಳಲ್ಲ ಕಣಮ್ಮ, ತೊಳಿ ಅಂತ ಹೇಳ್ತೀನಿ. ನಿನ್ನ ನಂಬಿಕೆ ನಿನ್ನ ಹತ್ರ ಇರ್ಲಿ, ನಮ್ಮ ನೇಮಾನ ಮಾತ್ರ ಕೆಡಿಸ್ಬೇಡ."

ಅವತ್ತಿನಿಂದ ತೊಳೆಯುತ್ತಿದ್ದಾರೆ. ಭಾನುವಾರ ಮೊದಲು ಚಪ್ಪಟೆ ರೊಟ್ಟಿ. ಅದು ಬೆಂದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಬುಟ್ಟಿ ಸೇರುವ ತನಕ ಹುಳಿಹಿಟ್ಟಿನ ಭರಣಿ ಈ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಶನಿವಾರ ಸಂಜೆಯೇ ಅದಕ್ಕೆ ಅಂಗಳದಾಚೆಯ ಮನೆಗೆ ವರ್ಗಾವಣೆ. ಮಲಗುವ ಕೋಣೆಯ ಕಿಟಕಿಯಲ್ಲಿ, ಗಂಡನ ತಲೆದಿಂಬಿನ ಪಕ್ಕದಲ್ಲೇ ಅದರ ವಾಸ. ಆ ಹುಳಿಹಿಟ್ಟಿನ ಶಕ್ತಿ ಸಾಮಾನ್ಯದ್ದಲ್ಲ. ಒಮ್ಮೆ ಭರಣಿಯ ಮುಚ್ಚಳದ ಮೇಲೆ ಮಲಗಿದ್ದ ಬೆಕ್ಕು ಕಣ್ಣು ಬಿಟ್ಟಾಗ ಅಟ್ಟದ ಮೇಲಿತ್ತಂತೆ. "ಮೂವತ್ನಾಲ್ಕು ವರ್ಷದಿಂದ ಅದರ ಗುಳುಗುಳು ಕೇಳ್ಕೊಂಡು ಮಲಗ್ತಿದೀನಿ" ಅನ್ನುತ್ತಾರೆ ನಲ್ಲಿ ರಿಪೇರಿಯವರು. "ಅದರ ಮೇಲೆ ನಂಬಿಕೆ ಇಲ್ಲ. ಅಭ್ಯಾಸ ಇದೆ."

ಹೋದ ವರ್ಷ ಈ ಬುಟ್ಟಿಗೇ ಕುತ್ತು ಬಂತು. ಕೆಳಗಿನ ಚರ್ಚಿನಲ್ಲಿ ಕೆಲವರು ದನಿ ಎತ್ತಿದರು: ಮೇಲಿನ ಚರ್ಚಿನವಳ ಕೈಯಿಂದ ನಮ್ಮ ಪ್ರಭು ಭೋಜನದ ರೊಟ್ಟಿ ಯಾಕೆ ಬರಬೇಕು? ನಮ್ಮ ನೇಮ ಅವಳಿಗೇನು ಲೆಕ್ಕ? ಎಲ್ಲರಿಗಿಂತ ಜೋರಾಗಿ ಹೇಳಿದವರು ತಕ್ಕಡಿ ಹಿರಿಯರು. ತಕ್ಕಡಿ ರಿಪೇರಿ ಅವರ ಕಸುಬು, ಅಳೆದು ತೂಗಿ ಮಾತಾಡುವುದು ಸ್ವಭಾವ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯವರೆಲ್ಲ ಕೈ ಎತ್ತಿ ತೀರ್ಮಾನಿಸುವುದು ಅಂತಾಯಿತು. ಆಗಲೇ ಒಬ್ಬರ ಸಾವಿಗೆ ಇನ್ನೊಬ್ಬರು ಬರುವುದು ನಿಂತಿತ್ತು. ಎರಡೂ ಬಾಗಿಲು ಹೊಕ್ಕು ಬರುತ್ತಿದ್ದುದು ರೊಟ್ಟಿಯಕ್ಕನ ಬುಟ್ಟಿ ಒಂದೇ. "ಬುಟ್ಟಿ ನಿಂತ್ರೆ ಬೀದಿ ಎರಡಾಗುತ್ತೆ ಅಂತ ಗೊತ್ತಿತ್ತು. ನಮ್ಮನೇನೂ" ಅನ್ನುತ್ತಾರೆ, ಕಣಕದ ಮೇಲೆ ಕೈ ನಿಲ್ಲಿಸಿ.

ಸರಿಯಾಗಿ ಅದೇ ಭಾನುವಾರ ತಪ್ಪಾಯಿತು. ಗಂಡನಿಗೆ ಜ್ವರ. ಬೆಳಗಾಗುವ ಮುಂಚೆ ಮಾತ್ರೆ ಕೊಡಲು ಹೋದ ರೊಟ್ಟಿಯಕ್ಕ, ಕಿಟಕಿಯಲ್ಲಿ ಭರಣಿಯಿಂದ ಉಕ್ಕಿ ಇಳಿಯುತ್ತಿದ್ದ ಹುಳಿಹಿಟ್ಟನ್ನು ಕೈಯಿಂದ ಒಳಗೆ ತಳ್ಳಿ ಮುಚ್ಚಳ ಒತ್ತಿದರು. ಕೈ ತೊಳೆದುಕೊಂಡೇ ಬಂದರು. ಉಂಗುರ ಬಿಚ್ಚಿ ತೊಳೆಯುವುದು ಮರೆತರು. ಚಪ್ಪಟೆ ರೊಟ್ಟಿ ಬೆಂದು, ಬಟ್ಟೆ ಸುತ್ತಿಕೊಂಡು ಬುಟ್ಟಿ ಸೇರಿತು. ಭರಣಿಯೂ, ಮೇಲಿನ ಚರ್ಚಿನ ಉಬ್ಬಿದ ಕಣಕವೂ ಒಳಗೆ ಬಂದವು. ಆರು ಉಂಡೆ ಕಟ್ಟಿ ಕೆಂಪು ಮಣೆಯ ಮೇಲೆ ಇಟ್ಟಾಯಿತು. ಹೊರಡಲು ಬುಟ್ಟಿ ಎತ್ತುವಾಗ ಬಟ್ಟೆ ಸರಿದು ಎಂಟನೆಯ ಚಪ್ಪಟೆ ರೊಟ್ಟಿಯ ಮೇಲೆ ಬಟಾಣಿಯಷ್ಟು ಒಂದು ಗುಳ್ಳೆ ಕಂಡಿತು. ಬೆರಳು ನೋಡಿಕೊಂಡರು. ಉಂಗುರದ ಸಂದಿಯಲ್ಲಿ ಒಣಗಿದ ಹುಳಿಹಿಟ್ಟು.

ಕಂಬಳಿ ಹೊದ್ದು ನಡುಗುತ್ತಿದ್ದ ಗಂಡನಿಗೆ ಹೋಗಿ ತೋರಿಸಿದರು.

"ಬಟಾಣಿಯಷ್ಟು ಗುಳ್ಳೆಗೆ ಯಾಕೆ ಅಳ್ತೀಯ? ಯಾರಿಗೂ ಗೊತ್ತಾಗಲ್ಲ. ಇವತ್ತೇ ಕೈ ಎತ್ತೋರಿದಾರೆ, ಸುಮ್ನೆ ಕಳಿಸು. ನಾನೇ ಕೆಳಗಿನೋನು ಹೇಳ್ತಿದೀನಲ್ಲ, ಏನೂ ಆಗಲ್ಲ ಕಣೇ."

"ಏನೂ ಆಗಲ್ಲ ಅಂದ್ರೆ ಇಷ್ಟು ವರ್ಷ ನಾನು ಎರಡು ಮಣೆ ತೊಳೆದಿದ್ದು ಯಾಕ್ರೀ?"

ಗಂಡ ಕಂಬಳಿ ಮುಖದ ಮೇಲೆ ಎಳೆದುಕೊಂಡರು. ರೊಟ್ಟಿಯಕ್ಕ ಬುಟ್ಟಿ ಹಿಡಿದು ಇಳಿಜಾರು ಇಳಿದರು. ಆಗ ಏಳು ಗಂಟೆ. ತಕ್ಕಡಿ ಹಿರಿಯರು ಚರ್ಚಿನ ಬಾಗಿಲು ತೆಗೆಯುತ್ತಿದ್ದರು.

"ಅಣ್ಣಾ, ಇದರಲ್ಲಿ ಹುಳಿ ಸೇರಿದೆ. ನನ್ನ ಕೈಯಿಂದಲೇ ಸೇರಿದ್ದು. ನಿಮ್ಮ ಮೇಜಿಗೆ ಆಗಲ್ಲ."

ಹಿರಿಯರು ಬಟ್ಟೆ ಬಿಚ್ಚಿ ಎಂಟನ್ನೂ ತಿರುವಿ ನೋಡಿದರು. ಗುಳ್ಳೆ ಕಾಣಲು ಕನ್ನಡಕ ಏರಿಸಬೇಕಾಯಿತು. "ನೀನು ಹೇಳ್ದೇ ಇದ್ದಿದ್ರೆ?"

"ತಿಂತಿದ್ರಿ."

"ಇವತ್ತು ಆರಾಧನೆ ಆದ್ಮೇಲೆ ನಿನ್ನ ವಿಷಯಾನೇ ಇದೆ, ಗೊತ್ತಾ?"

"ಗೊತ್ತು. ಒಂಬತ್ತರೊಳಗೆ ಬೇರೆ ಮಾಡಿ ತರ್ತೀನಿ. ಅದನ್ನ ತಿಂದ ಮೇಲೆ ಬೇಕಾದ್ರೆ ನನ್ನನ್ನ ಬಿಡಿ."

ಹೇಳಿದ್ದೇನೋ ಹೇಳಿದರು. ಆದರೆ ಬೇಕರಿಯಲ್ಲಿ ಆಗಲೇ ಎಲ್ಲ ಕಡೆ ಹುಳಿ. ಕೋಣೆಯನ್ನೆಲ್ಲ ಮತ್ತೆ ತೊಳೆಯದೆ ಚಪ್ಪಟೆ ರೊಟ್ಟಿ ಮುಟ್ಟುವ ಹಾಗಿಲ್ಲ. ಇರುವುದು ಎರಡು ಗಂಟೆ, ಎರಡು ಕೈ. ಏದುಸಿರು ಬಿಡುತ್ತ ಹತ್ತಿ ಬಂದವರಿಗೆ, ಹಾಡಿನ ಪ್ರಾಕ್ಟೀಸಿಗೆ ಹೊರಟಿದ್ದ ಮೇಲಿನ ಚರ್ಚಿನ ಐದು ಹೆಂಗಸರು ಎದುರಾದರು. ಅವರ ಮುಂದಾಳು ದರ್ಜಿಯಕ್ಕ. ಆಕೆ ಪಲ್ಲವಿ ಎತ್ತಿದರೆ ಎರಡು ಬೀದಿಯಾಚೆ ಹೊಲಿಗೆ ಬಿಟ್ಟ ಗುಂಡಿಗಳು ಉದುರುತ್ತವೆ. ವಿಷಯ ಕೇಳಿ ಆಕೆ ಹುಬ್ಬೇರಿಸಿದರು.

"ಅವರ ರೊಟ್ಟಿಗೆ ನಾವ್ಯಾಕೆ ನೆಲ ಉಜ್ಜಬೇಕು? ನಾವು ನಂಬದೇ ಇರೋ ರೊಟ್ಟಿ ಅದು."

"ನೀವು ನಂಬಬೇಡಿ ಅಕ್ಕಾ. ಉಜ್ಜಿ ಸಾಕು."

ದರ್ಜಿಯಕ್ಕ ಹಾಡಿನ ಪುಸ್ತಕ ಕಂಕುಳಲ್ಲಿ ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿದರು.

ಭರಣಿ ಮನೆಗೆ ಹೋಯಿತು. ಉಂಡೆ ಕಟ್ಟಿದ್ದ ಆರು ರೊಟ್ಟಿಗಳನ್ನು ಏನು ಮಾಡುವುದು? ಒಲೆಯ ಬಿಸಿ ಈಗ ಚಪ್ಪಟೆಗೆ ಬೇಕು, ಕೋಣೆಯಲ್ಲಿ ಇಡುವಂತಿಲ್ಲ. ಕೆಂಪು ಮಣೆ ಸಮೇತ ಅಂಗಳಕ್ಕೆ ಹೊತ್ತರು. ಹೊರಗೆ ಕೊರೆಯುವ ಗಾಳಿ. "ಕುಸಿದು ಹೋಗುತ್ವೆ" ಅಂದರು ರೊಟ್ಟಿಯಕ್ಕ. "ಕುಸೀಲಿ. ಹುಳಿ ಇದೆಯಲ್ಲ, ನಮ್ಮ ನೇಮಕ್ಕೆ ಅಷ್ಟು ಸಾಕು" ಅಂದರು ದರ್ಜಿಯಕ್ಕ, ತಮ್ಮದೇ ಚರ್ಚಿನ ರೊಟ್ಟಿಗೆ ಬಟ್ಟೆ ಹೊದಿಸುತ್ತ.

ಅಷ್ಟರಲ್ಲಿ ತಕ್ಕಡಿ ಹಿರಿಯರೇ ಬಾಗಿಲಲ್ಲಿ ಬಂದು ನಿಂತರು. ನೋಡಿದರೆ ಐದು ಜನ ಮೇಲಿನ ಚರ್ಚಿನ ಹೆಂಗಸರು ಮಂಡಿಯೂರಿದ್ದಾರೆ, ಅದೂ ತಮ್ಮ ರೊಟ್ಟಿಗಾಗಿ. ಅವರು ಒಮ್ಮೆ ಕೆಮ್ಮಿದರು. "ಎಲ್ರೂ ಉಂಗುರ ಬಿಚ್ಚಿಡಿಯಮ್ಮಾ."

"ಉಂಗುರ ಬಿಚ್ಚಿದ್ವಿ. ನಾಲಿಗೇನೂ ಬಿಚ್ಚಿಡಬೇಕಾ ಅಣ್ಣಾ?" ಅಂದರು ದರ್ಜಿಯಕ್ಕ.

"ಬಿಚ್ಚಿಡೋದಾದ್ರೆ ತೂಗೋಕೆ ನನ್ನ ಹತ್ರ ದೊಡ್ಡ ತಕ್ಕಡಿ ಇಲ್ಲ" ಅಂದರು ಹಿರಿಯರು. ಅವರು ಚಟಾಕಿ ಹಾರಿಸಿದ್ದು ಅದೇ ಮೊದಲು. ಹಾರಿಸಿದವರು ತೋಳು ಮಡಚಿ ಬಕೆಟ್ಟು ಎತ್ತಿಕೊಂಡರು. ಆಮೇಲಿಂದ ಬಾಗಿಲಿಗೂ ನಲ್ಲಿಗೂ ನಡುವೆ ಅವರ ಓಡಾಟ ನಿಲ್ಲಲಿಲ್ಲ.

ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಎಂಟು ಚಪ್ಪಟೆ ರೊಟ್ಟಿ ಕೆಳಗಿಳಿದವು. ಆಮೇಲೆ ಕುಸಿದ ಆರು ರೊಟ್ಟಿ ಒಲೆ ಸೇರಿದವು. ಅವು ಬರುವ ತನಕ ಮೇಲಿನ ಚರ್ಚಿನಲ್ಲಿ ಒಂದೇ ಹಾಡನ್ನು ಐದು ಸಲ ಹಾಡಿದರು. ಎರಡನೇ ಸಲಕ್ಕೆ ನಿದ್ದೆ ಹೋದ ಮುದುಕರೊಬ್ಬರು ಐದನೇ ಸಲಕ್ಕೆ ಎದ್ದು, ತಾನು ಸ್ವರ್ಗಕ್ಕೆ ಬಂದೆ ಅಂದುಕೊಂಡು ಪಕ್ಕದವರ ಕೈ ಕುಲುಕಿದರಂತೆ. ರೊಟ್ಟಿ ಬಂತು. ಇಟ್ಟಿಗೆಯ ಹಾಗಿತ್ತು. ಪಾದ್ರಿ ಅದನ್ನು ಮುರಿಯಲು ಎರಡೂ ಕೈಯಲ್ಲಿ ಹಿಡಿದು ಹಲ್ಲು ಕಚ್ಚಿದರು. ಯಾಕೆ ಹೀಗಾಯಿತು ಅಂತ ದರ್ಜಿಯಕ್ಕ ಎದ್ದು ನಿಂತು ಎಲ್ಲರಿಗೂ ಹೇಳಿದರು. ಯಾರೂ ಮೂಗು ಮುರಿಯಲಿಲ್ಲ. ನಿಧಾನವಾಗಿ ಅಗಿದರು.

ಕೆಳಗಿನ ಚರ್ಚಿನಲ್ಲಿ ಕೈ ಎತ್ತುವ ಹೊತ್ತು ಬಂತು. ತಕ್ಕಡಿ ಹಿರಿಯರು ಎದ್ದರು. ಜ್ವರದಲ್ಲೇ ಹೋಗಿ ಕಡೆಯ ಬೆಂಚಿನಲ್ಲಿ ಕೂತಿದ್ದ ಗಂಡ ಅವರ ಮಾತನ್ನು ಅಕ್ಷರ ಬಿಡದೆ ಒಪ್ಪಿಸುತ್ತಾರೆ: "ನಾವು ಆ ಗುಳ್ಳೆ ತಿಂದು ಚೆನ್ನಾಗಿದೆ ಅಂತಿದ್ವಿ. ನಮ್ಮ ನೇಮಾನ ನಮಗಿಂತ ಆಕೆ ಚೆನ್ನಾಗಿ ಕಾಯ್ತಾಳೆ. ನಾನು ಹೇಳಿದ ಮಾತು ವಾಪಸ್ ತಗೊಂಡೆ." ಬೇಡ ಅಂತ ಎದ್ದ ಕೈಗಳು ಹನ್ನೊಂದೇ. ಬುಟ್ಟಿ ಉಳಿಯಿತು.

ಹಾಗಂತ ಎರಡು ಚರ್ಚು ಒಂದಾಯಿತು ಅಂದರೆ ಅದು ಕ್ಷೌರಿಕನೂ ಹೇಳದ ಸುಳ್ಳು. ರೊಟ್ಟಿಯ ವಾದ ಇವತ್ತಿಗೂ ಇದೆ, ಮೇಜುಗಳು ಇವತ್ತಿಗೂ ಬೇರೆ. ಕೈ ಎತ್ತಿದ ಹನ್ನೊಂದು ಜನರಲ್ಲಿ ಒಂದು ಮನೆಯವರು ಈಗಲೂ ರೊಟ್ಟಿಯಕ್ಕನ ಎದುರು ಬಂದರೆ ಫುಟ್‌ಪಾತ್ ಬದಲಾಯಿಸುತ್ತಾರೆ. ಆದರೆ ತಿಂಗಳ ಮೊದಲ ಭಾನುವಾರ ಮೇಲಿನ ಚರ್ಚಿನ ಇಬ್ಬರು ಬಂದು ಬಿಳಿ ಮಣೆಯಲ್ಲಿ ಚಪ್ಪಟೆ ರೊಟ್ಟಿ ಲಟ್ಟಿಸುತ್ತಾರೆ. ಅವರು ಕೈ ತೊಳೆದು ಹೋದ ಮೇಲೆ ಕೆಳಗಿನ ಚರ್ಚಿನ ಇಬ್ಬರು ಬಂದು ಕೆಂಪು ಮಣೆಯಲ್ಲಿ ಉಬ್ಬು ರೊಟ್ಟಿಗೆ ಉಂಡೆ ಕಟ್ಟುತ್ತಾರೆ. ತಾವು ತಿನ್ನದ ರೊಟ್ಟಿಯನ್ನು ಪಕ್ಕದವರಿಗಾಗಿ ಅವರ ನೇಮದ ಪ್ರಕಾರ ಮಾಡಿಕೊಡುವುದು. ಸಾವಿಗೂ ಈಗ ಎರಡೂ ಕಡೆಯವರು ಬರುತ್ತಾರೆ. ಹೊರಗೆ ನಿಂತೇ ಇರುತ್ತಾರೆ, ಆದರೆ ಬರುತ್ತಾರೆ.

ಈ ಭಾನುವಾರದ ಕೆಲಸ ಮುಗಿದಿದೆ. ಆರಾಧನೆಯೂ ಮುಗಿದಿದೆ. ಹನ್ನೊಂದು ಗಂಟೆಗೆ ಗಂಡ ಕೆಳಗಿನಿಂದ ಹತ್ತಿ ಬರುತ್ತಿದ್ದಾರೆ, ರೊಟ್ಟಿಯಕ್ಕ ಮೇಲಿನಿಂದ ಇಳಿದು ಬರುತ್ತಿದ್ದಾರೆ. ಬೇಕರಿ ಬಾಗಿಲಲ್ಲಿ ಇಬ್ಬರೂ ನಿಲ್ಲುತ್ತಾರೆ.

"ಹೇಗಿತ್ತು?" ರೊಟ್ಟಿಯಕ್ಕ ಕೇಳುತ್ತಾರೆ.

"ಗಟ್ಟಿ ಇತ್ತು."

"ಗಟ್ಟಿ ಇರ್ಬೇಕು."

"ನಿಮ್ಮ ಮೇಲಿನೋರದು?"

"ಮೆತ್ತಗಿತ್ತು."

"ಹ್ಞೂಂ. ಮೆತ್ತಗಿರ್ಬೇಕು."

ಗಂಡ ಕೀಲಿ ತೆಗೆದು ಒಳಗೆ ಹೋಗುತ್ತಾರೆ. ಆ ಚಪ್ಪಟೆ ರೊಟ್ಟಿಯ ರುಚಿ ನಿಜಕ್ಕೂ ಹೇಗಿರುತ್ತದೆ ಅಂತ ಕೇಳಿದರೆ ರೊಟ್ಟಿಯಕ್ಕನಿಗೆ ನಗು ಬರುತ್ತದೆ.

"ನಂಗೇನು ಗೊತ್ತು? ಒಂದು ಚೂರೂ ಬಾಯಿಗೆ ಹಾಕಿಲ್ಲ. ಅದು ಅವರ ಮೇಜಿಂದು, ನಾನು ತಿನ್ನೋ ಹಾಗಿಲ್ಲ. ಪ್ರತಿ ವಾರ ಇವರು ಹತ್ತಿ ಬರುವಾಗ ಮುಖ ನೋಡ್ತೀನಿ. ಆ ಮುಖ ನೋಡಿದ್ರೆ, ನಾನು ಮಾಡಿದ್ದು ಚೆನ್ನಾಗೇ ಇರ್ಬೇಕು ಅನ್ಸುತ್ತೆ."